ಷ್ಮೆಲಿಂಗ್ ಚಾಂಪಿಯನ್ ಆಗಿದ್ದು 1936ರಲ್ಲಿ ಅಲ್ಲ

ಬಾಕ್ಸಿಂಗ್ ಬಗ್ಗೆ ಮೊನ್ನೆ ನಾನು ಹಾಕಿದ್ದ ಮೆಸೇಜಿನಲ್ಲಿ ಒಂದು ತಪ್ಪಿದೆ. '1936ರಲ್ಲಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ಜೋ ಲೂಯಿಸ್‌ನನ್ನು ಕೆಡವಿ ಹೆವಿವೇಟ್ ಚಾಂಪಿಯನ್ ಆದ' ಅಂತ ಬರೆದಿದ್ದೆ, ಅದು ಈಗ ಬೇರೆ ಬೇರೆ ಗ್ರೂಪುಗಳಲ್ಲಿ ಓಡಾಡುತ್ತಿದೆ.

ಕೆಡವಿದ್ದು ನಿಜ, 12ನೇ ಸುತ್ತಿನಲ್ಲಿ. ಆದರೆ ಅವತ್ತು ಪಟ್ಟಕ್ಕಾಗಿ ಪಂದ್ಯ ನಡೆದಿರಲೇ ಇಲ್ಲ. ಆಗ ಚಾಂಪಿಯನ್ ಆಗಿದ್ದವನು ಜೇಮ್ಸ್ ಬ್ರಾಡಕ್. ಹಡಗುಕಟ್ಟೆಯಲ್ಲಿ ಕೂಲಿ ಮಾಡಿ, ಸರ್ಕಾರ ಕೊಟ್ಟ ನೆರವಿನ ದುಡ್ಡಲ್ಲಿ ಮನೆ ನಡೆಸಿ, ಕೈಗೆ ಕಾಸು ಬಂದ ಮೇಲೆ ಅದನ್ನೂ ವಾಪಸ್ ಕಟ್ಟಿದನಲ್ಲ, ಅವನೇ. 1935ರಲ್ಲಿ ಮ್ಯಾಕ್ಸ್ ಬೇಯರ್ ವಿರುದ್ಧ 15 ಸುತ್ತು ಆಡಿ ಅಂಕಗಳಲ್ಲಿ ಗೆದ್ದಿದ್ದ.

ಷ್ಮೆಲಿಂಗ್‌ಗೆ ಪಟ್ಟ ಸಿಕ್ಕಿದ್ದು 1930ರಲ್ಲೇ. ಅದೂ ವಿಚಿತ್ರವಾಗಿ. ಎದುರಾಳಿ ಜಾಕ್ ಶಾರ್ಕಿ ಸೊಂಟದ ಕೆಳಗೆ ಹೊಡೆದ, ಅದು ನಿಯಮಕ್ಕೆ ವಿರುದ್ಧ, ಹಾಗಾಗಿ ಷ್ಮೆಲಿಂಗ್ ನೆಲದಲ್ಲಿ ಬಿದ್ದಿದ್ದಾಗಲೇ ಗೆದ್ದ ಅಂತ ಘೋಷಿಸಿದರು! 1932ರಲ್ಲಿ ಶಾರ್ಕಿಗೇ ಸೋತು ಪಟ್ಟ ಕಳೆದುಕೊಂಡ. ಲೂಯಿಸ್ ಚಾಂಪಿಯನ್ ಆಗಿದ್ದು 1937ರಲ್ಲಿ, ಬ್ರಾಡಕ್‌ನನ್ನು ಸೋಲಿಸಿ.

ಪಂದ್ಯಗಳ ದಾಖಲೆಯಲ್ಲಿ ತಾರೀಖು ಹೊಂದಿಸಿ ನೋಡಿದಾಗ ಗೊತ್ತಾಯಿತು, ಮೊದಲೇ ನೋಡಬೇಕಿತ್ತು. ಹಳೇ ಮೆಸೇಜು ದಯವಿಟ್ಟು ಫಾರ್ವರ್ಡ್ ಮಾಡಬೇಡಿ, ಕಳಿಸಿದ್ದರೆ ಅಲ್ಲಿಗೆ ಇದನ್ನೂ ಹಾಕಿಬಿಡಿ.