ಹೆಗಲಿಗೊಂದು ರೆಫರಲ್

ಮೈಸೂರಿನ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ನನಗೆ 18,000 ರೂಪಾಯಿ ಸಂಬಳ. 21,000ದ ಮಿತಿಯೊಳಗಿರುವುದರಿಂದ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಉಂಟು. ಶೇ 0.75ರಂತೆ ನನ್ನ ಸಂಬಳದಿಂದ 135 ರೂಪಾಯಿ, ಶೇ 3.25ರಂತೆ ಮಾಲೀಕರ ಜೇಬಿನಿಂದ 585 ರೂಪಾಯಿ ತಿಂಗಳು ತಿಂಗಳು ಹೋಗುತ್ತದೆ. ಆ 585ರ ಸಂಕಟ ಅವರಿಗೆ ಎಷ್ಟಿದೆಯೆಂದರೆ, ನಾನು ಕೆಮ್ಮಿದರೂ "ಇಎಸ್‌ಐ ಇದೆಯಲ್ಲ, ಹೋಗಿ ತೋರಿಸಿ" ಎನ್ನುತ್ತಾರೆ.

ಈ ಸಲ ಕೆಟ್ಟದ್ದು ಬಲ ಹೆಗಲು. ಅಂಗಿಯ ತೋಳು ತೂರಿಸಲು ಹೆಂಡತಿ ಬೇಕು, ತಲೆ ಬಾಚಲು ಎಡಗೈ ಬೇಕು. ಇಎಸ್‌ಐ ಡಿಸ್ಪೆನ್ಸರಿಯ ವೈದ್ಯರು ಕೈ ಎತ್ತಿಸಿ, ನಾನು ಎಲ್ಲಿ ಅರಚಿದೆನೆಂದು ಗುರುತು ಹಾಕಿಕೊಂಡು, "ಫ್ರೋಜನ್ ಶೋಲ್ಡರ್, ಹೆಗಲಿನ ಕೀಲು ಬಿಗಿದುಕೊಂಡಿದೆ. ಸಕ್ಕರೆ ಕಾಯಿಲೆಯವರನ್ನು ಇದು ಹುಡುಕಿಕೊಂಡು ಬರುತ್ತದೆ. ಫಿಸಿಯೋಥೆರಪಿ ಬೇಕು" ಎಂದರು.

"ತಾನಾಗಿಯೇ ಬಿಡುವುದಿಲ್ಲವೇ ಸರ್?"

"ಬಿಡುತ್ತದೆ. ಒಂದೆರಡು ವರ್ಷ ಹಿಡಿಯಬಹುದು."

ನಮ್ಮ ಬಡಾವಣೆಯಲ್ಲಿ ಫಿಸಿಯೋಥೆರಪಿಗೆ ಬರವಿಲ್ಲ. ಬೇಕರಿಯ ಮೇಲೊಂದು, ಜಿಮ್ಮಿನ ಪಕ್ಕದಲ್ಲೊಂದು. ಬೇಕರಿಯ ಮೇಲಿನ ಹುಡುಗಿ ನನ್ನ ಇಎಸ್‌ಐ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಚಲಾವಣೆ ನಿಂತ ನೋಟನ್ನು ಮರಳಿಸುವ ಮರ್ಯಾದೆಯಲ್ಲಿ ಹಿಂದಕ್ಕೆ ಕೊಟ್ಟಳು. "ಫೋನ್‌ಪೇ ಇದೆ ಸರ್." ಒಂದು ಸಲಕ್ಕೆ 400 ರೂಪಾಯಿ. ಹತ್ತು ಸಲದ್ದು ಒಟ್ಟಿಗೆ ಕಟ್ಟಿದರೆ ಒಂದು ಸಲ ಉಚಿತವಂತೆ. ಹೆಗಲಿಗೂ ಆಷಾಢದ ರಿಯಾಯಿತಿ!

ಮನೆ ಓನರ್ ರಾಯರಿಗೂ ಹೆಗಲು ನೋವು. ಅವರು ಸರ್ಕಾರದ ಉಚಿತ ಚಿಕಿತ್ಸೆಯ ತಮ್ಮ ಆಯುಷ್ಮಾನ್ ಕಾರ್ಡ್ ತೋರಿಸಿ, "ನೋಡಿ, ವರ್ಷಕ್ಕೆ ಐದು ಲಕ್ಷ!" ಎಂದರು. ಎರಡು ಅಂತಸ್ತಿನ ಮನೆಯಿದ್ದೂ ಬಿಪಿಎಲ್ ಚೀಟಿ ಹೇಗೆ ಬಂತೆಂದು ನಾನು ಕೇಳಲಿಲ್ಲ. ಬಾಡಿಗೆಗೆ ಇರುವವನು ಅಂಥದ್ದನ್ನೆಲ್ಲ ಕೇಳಬಾರದು. ಆದರೆ ಆ ಐದು ಲಕ್ಷ ಕದಲಬೇಕಾದರೆ ಆಸ್ಪತ್ರೆಗೆ ದಾಖಲಾಗಬೇಕು. ನಡೆದುಕೊಂಡು ಬಂದು ನಡೆದುಕೊಂಡೇ ಹೋಗುವ ರಾಯರ ಹೆಗಲು ನೋವಿಗೆ ಅದರಿಂದ ಐದು ರೂಪಾಯಿಯೂ ಹುಟ್ಟುವುದಿಲ್ಲ.

ಆ ಲೆಕ್ಕದಲ್ಲಿ ನನ್ನ 135 ರೂಪಾಯಿಯೇ ವಾಸಿ. ಇಎಸ್‌ಐನಲ್ಲಿ ಹೊರರೋಗಿಗೂ ಚಿಕಿತ್ಸೆಯಿದೆ, ಖರ್ಚಿಗೆ ಇಂತಿಷ್ಟೇ ಎಂಬ ಮಿತಿಯೂ ಇಲ್ಲ. ಆದರೆ ದಾರಿ ಒಂದೇ: ಡಿಸ್ಪೆನ್ಸರಿಯ ರೆಫರಲ್ ಚೀಟಿ, ಆ ಚೀಟಿ ಹಿಡಿದು ಇಎಸ್‌ಐ ಆಸ್ಪತ್ರೆಯ ಮೂಳೆ ವೈದ್ಯರು, ಅವರು ಬರೆದುಕೊಟ್ಟರೆ ಫಿಸಿಯೋಥೆರಪಿ ಕೋಣೆ. ಬೇಕರಿಯ ಮಹಡಿ ಈ ದಾರಿಯಲ್ಲಿ ಸಿಗುವುದೇ ಇಲ್ಲ. ಕೋಣೆ ತೆರೆದಿರುವ ಹೊತ್ತೂ ಮುದ್ರಣಾಲಯ ತೆರೆದಿರುವ ಹೊತ್ತೂ ಒಂದೇ ಎಂಬುದು ಇನ್ನೊಂದು ಸೊಗಸು. ರಜೆ ಕೇಳಿದಾಗ ಮಾಲೀಕರು, "ಇಎಸ್‌ಐ ಇದೆಯೆಂದು ದಿನಾ ಹೋಗುವುದೇನ್ರೀ?" ಎಂದರು.

ಫಿಸಿಯೋಥೆರಪಿಯ ಮೇಡಂ ಮಾತ್ರ ಕೆಲಸಗಾರ್ತಿ. ಗೋಡೆಯ ಚಕ್ರ ತಿರುಗಿಸಲು ಹಚ್ಚಿ, ನಾನು ಹಲ್ಲು ಕಚ್ಚಿ ಸಹಿಸುವುದನ್ನು ಕಣ್ಣೆತ್ತಿಯೂ ನೋಡದೆ ಸುತ್ತುಗಳನ್ನು ಎಣಿಸಿದರು. "ದಿನಾ ಬರಲಾಗದಿದ್ದರೆ ಮನೆಯಲ್ಲೇ ಮಾಡಿ. ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸಿ, ಮುಟ್ಟಿದಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಿರಿ."

ಎಳೆದೆ. ಹೊಸದಾಗಿ ಬಣ್ಣ ಬಳಿಸಿದ ಗೋಡೆ. ಬಾಡಿಗೆ ವಸೂಲಿಗೆ ಬಂದ ರಾಯರು ಗೆರೆಗಳನ್ನು ಕಂಡು ಕೆಂಪಾದರು. ನಾನು ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದಕ್ಕೆ ಅಡ್ಮಿಟ್ ಆಗಬೇಕಿಲ್ಲ ತಾನೇ?" ಎಂದು ಕೇಳಿ, ಚಪ್ಪಲಿ ಬಿಟ್ಟು ಗೋಡೆಗೆ ಮುಖ ಮಾಡಿ ನಿಂತರು. ಈಗ ಅಲ್ಲಿ ಎರಡು ಸಾಲು ಗೆರೆಗಳಿವೆ. ಅವರದು ನನ್ನದಕ್ಕಿಂತ ಒಂದು ಗೇಣು ಮೇಲಿದೆ. ಅವರು ಎತ್ತರದ ಆಳು, ಅಷ್ಟೇ.