ನೋಡಿದ್ದೇನೆ ಸ್ವಾಮಿ, ಆಣೆಗೂ ನೋಡಿದ್ದೇನೆ

1929ರಲ್ಲಿ ಮೊದಲ ಆಸ್ಕರ್ ಹಂಚಿದ ಅಕಾಡೆಮಿಗೆ 2025ರ ಏಪ್ರಿಲ್‌ನಲ್ಲಿ ಜ್ಞಾನೋದಯವಾಯಿತು: ಸಿನಿಮಾಕ್ಕೆ ಮತ ಹಾಕುವ ಸದಸ್ಯರು ಆ ಸಿನಿಮಾ ನೋಡಿರಬೇಕು! ಕೆಲವು ಪ್ರಶಸ್ತಿ ವಿಭಾಗಗಳಿಗೆ ಮೊದಲೇ ಇದ್ದ ಈ ಕಟ್ಟಳೆ ಎಲ್ಲದಕ್ಕೂ ಬರಲು 97 ಸಮಾರಂಭ ಬೇಕಾದವು. ದುಡುಕಲಿಲ್ಲ, ಮೆಚ್ಚಬೇಕು.

ಗೆದ್ದವರನ್ನು ಆರಿಸುವ ಅಂತಿಮ ಸುತ್ತಿನಲ್ಲಿ ಒಂದು ವಿಭಾಗಕ್ಕೆ ಮತ ಹಾಕಬೇಕಾದರೆ ಅಲ್ಲಿರುವ ಅಷ್ಟೂ ಸಿನಿಮಾ ನೋಡಿರಬೇಕು. ಸಾಮಾನ್ಯವಾಗಿ ಐದು, ಅತ್ಯುತ್ತಮ ಚಿತ್ರಕ್ಕೆ ಹತ್ತು. ನಾಲ್ಕು ನೋಡಿ ಒಂದು ಬಿಟ್ಟರೂ ಆ ವಿಭಾಗದ ಬಾಗಿಲು ಬಂದ್. ಅಕಾಡೆಮಿಯದೇ ಸ್ಟ್ರೀಮಿಂಗ್ ತಾಣ 'ಸ್ಕ್ರೀನಿಂಗ್ ರೂಮ್'ನಲ್ಲಿ ನೋಡಿದರೆ ಲೆಕ್ಕ ತಾನಾಗಿ ದಾಖಲಾಗುತ್ತದೆ. ಪಾಪ, ಆ ಲೆಕ್ಕಕ್ಕೆ ತಿಳಿಯುವುದು ಸಿನಿಮಾ ಓಡಿತು ಎಂಬುದಷ್ಟೇ. ಮೂರೂವರೆ ಗಂಟೆಯ ಚಿತ್ರವನ್ನು ಹಚ್ಚಿಟ್ಟು ಸದಸ್ಯರು ನಿದ್ದೆಹೋಗಿ, ಸೋಫಾದ ಮೇಲಿನ ನಾಯಿ ಕೊನೆಯ ಟೈಟಲ್‌ವರೆಗೂ ಕಣ್ಣು ಮಿಟುಕಿಸದೆ ನೋಡಿದರೂ ಮತದ ಹಕ್ಕು ಮಾತ್ರ ಸದಸ್ಯರದೇ.

ಚಿತ್ರಮಂದಿರದಲ್ಲೋ ಚಿತ್ರೋತ್ಸವದಲ್ಲೋ ನೋಡಿದವರಿಗೆ ಒಂದು ಫಾರಂ ಇದೆ: ಎಲ್ಲಿ ನೋಡಿದಿರಿ, ಯಾವಾಗ ನೋಡಿದಿರಿ? 'ಥಿಯೇಟರ್, ಡಿಸೆಂಬರ್' ಎಂದು ಬರೆದರಾಯಿತು. ಕೊನೆಗೆ ನಾಯಕ ಉಳಿದನೋ ಸತ್ತನೋ ಎಂಬ ಮೂರನೇ ಪ್ರಶ್ನೆಯನ್ನೂ ಸೇರಿಸಿದ್ದರೆ ಮತದಾನದ ಪ್ರಮಾಣ ಏನಾಗುತ್ತಿತ್ತೋ ದೇವರೇ ಬಲ್ಲ. ಈ ಜರಡಿಯ ಸೊಗಸೇ ಬೇರೆ. "ಐದನೆಯದನ್ನು ನೋಡಲಾಗಲಿಲ್ಲ" ಎಂದು ಒಪ್ಪಿಕೊಂಡ ಪ್ರಾಮಾಣಿಕರು ಕೆಳಗೆ ಉದುರುತ್ತಾರೆ. ಸುಳ್ಳು ಬರೆದವರು ಮೇಲೆಯೇ ಉಳಿದು ಕಲೆಗೆ ನ್ಯಾಯ ಒದಗಿಸುತ್ತಾರೆ.

ಇನ್ನು ನೂರಾರು ಸಿನಿಮಾಗಳಿಂದ ಅತ್ಯುತ್ತಮ ಚಿತ್ರದ ಹತ್ತು ಹೆಸರು ಹೆಕ್ಕುವ ಮೊದಲ ಸುತ್ತಿದೆಯಲ್ಲ, ಅಲ್ಲಿ 'ಎಲ್ಲವನ್ನೂ ನೋಡಿ' ಎಂಬ ಷರತ್ತೇ ಇಲ್ಲ. ಅಲ್ಲಿ ಕಣ್ಣಿಗೆ ಬೀಳುವುದು ಸ್ಟುಡಿಯೋಗಳು ರಸ್ತೆಬದಿಯಲ್ಲಿ ನಿಲ್ಲಿಸಿದ 'ದಯವಿಟ್ಟು ಪರಿಗಣಿಸಿ' ಫಲಕಗಳು, ಪತ್ರಿಕೆಗಳ ಪೂರ್ಣಪುಟದ ಜಾಹೀರಾತುಗಳು. ಅದು ಪ್ರಚಾರ, ತಪ್ಪಿಲ್ಲ. ಆದರೆ 2014ರ ಆಸ್ಕರ್‌ಗೆ ಮುನ್ನ ಅಕಾಡೆಮಿಯ ಸಂಗೀತ ಶಾಖೆಯ ಹಿರಿಯ ಸದಸ್ಯರೊಬ್ಬರು ಸಹಸದಸ್ಯರಿಗೆ ಇಮೇಲ್ ಬರೆದು ತಮ್ಮ ಹಾಡಿನತ್ತ ಗಮನ ಸೆಳೆದರು. ಅದು ಪ್ರಭಾವ ಬೀರುವಿಕೆಯಾಗಿ, ಹಾಡಿನ ನಾಮನಿರ್ದೇಶನವೇ ರದ್ದಾಯಿತು. ಆ ಹಣದಲ್ಲಿ ಒಂದು ಫಲಕ ಹಾಕಿಸಬಾರದಿತ್ತೇ ಎಂದರೆ, ಇಮೇಲಿಗೆ ಹಣವೇ ಖರ್ಚಾಗಿರಲಿಲ್ಲ. ಅದೇ ಅದರ ದೋಷ.

ಅತ್ಯುತ್ತಮ ಚಿತ್ರಕ್ಕೆ 2009ರಿಂದ ಮತ ಹಾಕುವ ಬಗೆಯೇ ಬೇರೆ, ಒಂದರಿಂದ ಕ್ರಮವಾಗಿ ಸ್ಥಾನ ಕೊಡಬೇಕು. ಯಾವುದಕ್ಕೂ ಅರ್ಧಕ್ಕಿಂತ ಹೆಚ್ಚು ಮೊದಲ ಸ್ಥಾನದ ಮತ ಬರದಿದ್ದರೆ ಕಟ್ಟಕಡೆಯ ಚಿತ್ರ ಔಟ್. ಅದರ ಚೀಟಿಗಳು ಎರಡನೇ ಆಯ್ಕೆಗೆ ವರ್ಗ, ಒಂದು ಚಿತ್ರ ಅರ್ಧ ದಾಟುವವರೆಗೂ ಇದೇ ಆಟ. ಹೀಗಾಗಿ ಕೆಲವರು ಹುಚ್ಚರಂತೆ ಪ್ರೀತಿಸುವ ಚಿತ್ರಕ್ಕಿಂತ, ಯಾರಿಗೂ ಬೇಸರ ತರದ ಚಿತ್ರಕ್ಕೇ ಅನುಕೂಲ ಜಾಸ್ತಿ. ಲೆಕ್ಕ ಬಲ್ಲವರು ಬಲವಾದ ಎದುರಾಳಿಯನ್ನು ಹತ್ತನೇ ಸ್ಥಾನಕ್ಕೆ ತಳ್ಳುತ್ತಾರೆ. ಆ ಚೀಟಿ ಅಲ್ಲಿಗೆ ತಲುಪುವ ಹೊತ್ತಿಗೆ ಎಣಿಕೆಯೇ ಮುಗಿದಿರುತ್ತದೆ.

ಆ ಹತ್ತನೆಯ ಚಿತ್ರವನ್ನು ನೋಡಿದ್ದಾರೆಯೇ? ಏನು ಹಾಗೆಂದರೆ! ಥಿಯೇಟರ್, ಡಿಸೆಂಬರ್.