ಒಸಾಕಾದಲ್ಲಿ ಮಾರಿಯೋಗೆ ಯಾಕೋ ಅವಸರ

ಹೋದ ಸಲ ರಜೆಗೆ ಹುಬ್ಬಳ್ಳಿಗೆ ಹೋದಾಗ ಅಟ್ಟದ ಮೇಲಿನ ಸೂಟ್‌ಕೇಸಿನಿಂದ ಒಂದು ಹಳದಿ ಕ್ಯಾಸೆಟ್ ಎತ್ತಿಕೊಂಡು ಬಂದೆ. ಟೇಪ್ ರೆಕಾರ್ಡರಿನದಲ್ಲ, ವಿಡಿಯೋ ಗೇಮಿನದು. ಮೇಲೆ '9999 ಇನ್ 1' ಅಂತ ಸ್ಟಿಕ್ಕರ್. ನಾನಿರುವುದು ಜಪಾನಿನ ಒಸಾಕಾದಲ್ಲಿ, ಎಂಟು ವರ್ಷವಾಯಿತು. ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಒಬ್ಬನ ಮನೆಯಲ್ಲಿ ನಿಂಟೆಂಡೋ ಕಂಪನಿಯ ಅಸಲಿ ಫ್ಯಾಮಿಕಾಮ್, ಅಂದರೆ ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಮೆಷಿನ್, ಇದೆ, ಅದಕ್ಕೇ ಅಂತ ಒಂದು ಹಳೇ ಡಬ್ಬಿ ಟಿವಿಯನ್ನೂ ಇಟ್ಟುಕೊಂಡಿದ್ದಾನೆ. ನಮ್ಮ ಕ್ಯಾಸೆಟ್ ಅದರಲ್ಲಿ ಕೂರುತ್ತಾ ನೋಡೋಣ ಅಂತ ಸುಮ್ನೆ ಒಂದು ಆಸೆ.

ಕೂತಿತು. ಫ್ಯಾಮಿಕಾಮ್ ಕ್ಯಾಸೆಟ್ಟಿಗೆ 60 ಪಿನ್, ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ತಗೊಂಡ ನಮ್ಮ ನಕಲಿ ಕ್ಯಾಸೆಟ್ಟಿಗೂ 60 ಪಿನ್. ಹಾಕುವ ಮುಂಚೆ ನಾನು ರೂಢಿ ಪ್ರಕಾರ ಅದರ ಬಾಯಿಗೆ ಉಫ್ ಅಂತ ಊದಿದೆ. ಅವನು ಜೋರಾಗಿ ನಕ್ಕ. ಅವರೂ ಸಣ್ಣವರಿದ್ದಾಗ ಹೀಗೇ ಊದುತ್ತಿದ್ದರಂತೆ. ಅವರೂ ಅದನ್ನು ಕ್ಯಾಸೆಟ್ ಅಂತಲೇ ಕರೆಯುತ್ತಾರೆ, 'ಕಸೆಟ್ಟೋ' ಅಂತ. ಊದಿದರೆ ಬಾಯಿಯ ಪಸೆ ತಗುಲಿ ಪಿನ್ ಹಾಳಾಗುತ್ತೆ, ತೆಗೆದು ಮತ್ತೆ ಹಾಕಿದ್ದಕ್ಕೇ ಆಟ ಶುರುವಾಗುತ್ತಿತ್ತು ಅನ್ನೋದು ಇಬ್ಬರಿಗೂ ಈಗ ಗೊತ್ತು. ಗೊತ್ತಿದ್ದೂ ಅವನೂ ಒಂದು ಸಲ ಊದಿದ.

ಆಮೇಲೆ ಮಾರಿಯೋ ಹಾಡು ಶುರುವಾಯಿತು ನೋಡಿ, ನನಗೆ ಗಾಬರಿ. ಇವನ್ಯಾಕೆ ಬೆನ್ನಿಗೆ ನಾಯಿ ಬಿದ್ದವನ ಹಾಗೆ ಓಡ್ತಿದ್ದಾನೆ? ಕ್ಯಾಸೆಟ್ ಕೆಟ್ಟಿರಬೇಕು ಅಂದುಕೊಂಡೆ. ಕೆಟ್ಟಿರಲಿಲ್ಲ. ಜಪಾನಿನ ಹಳೇ ಟಿವಿಯಲ್ಲಿ ಪರದೆ ಸೆಕೆಂಡಿಗೆ 60 ಸಲ ಬದಲಾಗುತ್ತೆ, ನಮ್ಮದರಲ್ಲಿ 50 ಸಲ, ಮೆಷಿನ್ನುಗಳೂ ಆಯಾ ಟಿವಿಗೆ ಹೊಂದಿಕೊಂಡೇ ಓಡುತ್ತವೆ. ಈ ಆಟಗಳು ಓಟ, ಜಿಗಿತ, ಹಾಡು, ಟೈಮ್ ಎಲ್ಲವನ್ನೂ ಪರದೆ ಬದಲಾದ ಲೆಕ್ಕದಲ್ಲೇ ಎಣಿಸುತ್ತವೆ. ಹಾಗಾಗಿ ಅವರು 5 ನಿಮಿಷದಲ್ಲಿ ಆಡಿದ್ದನ್ನು ನಾವು 6 ನಿಮಿಷ ಆಡಿದ್ದೇವೆ. ನನಗೆ ಗೊತ್ತಿದ್ದ ಮಾರಿಯೋ ಹುಬ್ಬಳ್ಳಿ ಮಂದಿ ಥರ ಸಾವಕಾಶ ನಡೆಯುವವನು. ಇನ್ನೊಂದು ಲೆಕ್ಕವೂ ಹೊಳೆಯಿತು. ಸಣ್ಣವರಿದ್ದಾಗ ಓಣಿಯ ಅಂಗಡಿಯಲ್ಲಿ ಅರ್ಧ ತಾಸಿಗೆ 3 ರೂಪಾಯಿ ಕೊಟ್ಟು ಆಡುತ್ತಿದ್ದೆವಲ್ಲ, ಗೋಡೆ ಗಡಿಯಾರ ಮಾತ್ರ ಸರಿಯಾಗಿ ಓಡುತ್ತಿತ್ತು. ಅಂದರೆ ಪ್ರತಿ ಸಲ 25 ನಿಮಿಷದ ಆಟಕ್ಕೆ 30 ನಿಮಿಷದ ದುಡ್ಡು ಕೊಟ್ಟಿದ್ದೇವೆ! ಯಾರ ಹತ್ತಿರ ಕೇಳೋದು ಈಗ?

ಇಷ್ಟೆಲ್ಲ ಹೇಳಿದ್ದು ಹುಬ್ಬಳ್ಳಿಯಲ್ಲಿ ನಾವು ಆಡಿದ ನಕಲಿ ಮೆಷಿನ್ ಬಗ್ಗೆ ಎರಡು ಒಳ್ಳೇ ಮಾತು ಆಡೋಕೆ. ಅಸಲಿ ಫ್ಯಾಮಿಕಾಮ್ ಬಂದಿದ್ದು 1983ರ ಜುಲೈನಲ್ಲಿ, ಬೆಲೆ 14,800 ಯೆನ್. ನಮಗೆ ಹುಬ್ಬಳ್ಳಿಯಲ್ಲಿ ಸಿಕ್ಕಿದ್ದು ಅದರ ನಕಲು, ಅದೂ ಹತ್ತು ಹನ್ನೆರಡು ವರ್ಷ ತಡವಾಗಿ. ನಾವು ಅದನ್ನು ಟಿವಿ ಗೇಮ್ ಅನ್ನುತ್ತಿದ್ದೆವು, ಅಷ್ಟೇ. ರಷ್ಯಾದಲ್ಲಿ ಇದೇ ನಕಲು 'ಡೆಂಡಿ' ಅಂತ ಮಾರಾಟವಾಯಿತು, ಪೋಲೆಂಡಿನಲ್ಲಿ 'ಪೆಗಾಸಸ್' ಅಂತ. ಅಲ್ಲಿಯ ಜನ ಇವತ್ತಿಗೂ ಆ ಹೆಸರುಗಳನ್ನು ಪ್ರೀತಿಯಿಂದ ಹೇಳುತ್ತಾರೆ. ನಮ್ಮವರು ಮಾತ್ರ 'ಅಯ್ಯೋ ಅದು ಡುಪ್ಲಿಕೇಟ್' ಅಂತ ನಾಚಿಕೊಳ್ಳುತ್ತಾರೆ. ಯಾಕೆ ನಾಚಿಕೆ?

ಕದ್ದ ಮಾಲು ಹೌದು, ಅದನ್ನು ಮುಚ್ಚಿಡಲ್ಲ. ಆಟ ಬರೆದವರಿಗೆ ನಮ್ಮ 3 ರೂಪಾಯಿಯಲ್ಲಿ ಒಂದು ಪೈಸೆಯೂ ಹೋಗಲಿಲ್ಲ. ಆದರೆ ಮೆಷಿನ್ ಅಂತ ನೋಡಿದರೆ ಅಸಲಿಯಲ್ಲಿ ಇಲ್ಲದ್ದು ಇದರಲ್ಲಿತ್ತು. 1983ರ ಫ್ಯಾಮಿಕಾಮಿನ ಎರಡೂ ಕಂಟ್ರೋಲರ್ ವೈರ್ ಮೆಷಿನ್ ಒಳಗೇ ಸೇರಿಕೊಂಡಿದೆ, ವೈರ್ ತುಂಡಾದರೆ ಡಬ್ಬಿಯನ್ನೇ ಬಿಚ್ಚಬೇಕು. ನಮ್ಮದರಲ್ಲಿ ಕಿತ್ತು ಬೇರೆ ಹಾಕಬಹುದಿತ್ತು. ನಮ್ಮದರ ಕಂಟ್ರೋಲರಿನಲ್ಲಿ ಎರಡು ಟರ್ಬೋ ಬಟನ್ ಜಾಸ್ತಿ, ಒತ್ತಿ ಹಿಡಿದರೆ ಗುಂಡಿನ ಮಳೆ. ಅಸಲಿಯನ್ನು ಟಿವಿಗೆ ಆಂಟೆನಾ ದಾರಿಯಲ್ಲೇ ಜೋಡಿಸಬೇಕು, ನಮ್ಮ ಮನೆಯ ಡುಪ್ಲಿಕೇಟಿನಲ್ಲಿ ಚಿತ್ರವನ್ನು ನೇರ ಟಿವಿಗೆ ಕೊಡುವ ಹಳದಿ ಪಿನ್ನಿನ ವೈರ್ ಇತ್ತು.

ಸಾಕುವ ರೀತಿಯೂ ಬೇರೆ. ಒಸಾಕಾದ ನನ್ನ ಗೆಳೆಯ ಡಬ್ಬಿ, ಥರ್ಮೋಕೋಲ್, ಜೊತೆಗೆ ಬಂದ ಪುಸ್ತಕ ಎಲ್ಲವನ್ನೂ ಮೊನ್ನೆ ತಂದಂತೆ ಇಟ್ಟಿದ್ದಾನೆ. ಇಲ್ಲಿ ಸೆಕೆಂಡ್ ಹ್ಯಾಂಡ್ ಕ್ಯಾಸೆಟ್ ಕೊಂಡರೆ ಕೆಲವದರ ಹಿಂದೆ ಯಾವುದೋ ಮಗು ಮಾರ್ಕರಿನಲ್ಲಿ ಬರೆದ ತನ್ನ ಹೆಸರು ಇರುತ್ತೆ. ಗೆಳೆಯರ ಮನೆಗೆ ಒಯ್ದಾಗ ಅದಲುಬದಲಾಗಬಾರದಲ್ಲ. ಹಳೇಹುಬ್ಬಳ್ಳಿಯ ನಮ್ಮ ಓಣಿಯ ಅಂಗಡಿಯಲ್ಲಿ ಇದ್ದದ್ದು ಒಂದು ಮೆಷಿನ್, ಒಂದು 14 ಇಂಚಿನ ಟಿವಿ, ಗುರುತಿಗೆ ನೇಲ್ ಪಾಲಿಷ್ ಹಚ್ಚಿದ ಕ್ಯಾಸೆಟ್ಟುಗಳು. ಆಡುವವರು ಇಬ್ಬರು, ಬೆನ್ನ ಹಿಂದೆ ಹನ್ನೆರಡು ಜನ. 'ಲೇ ಹಾರಲೇ, ಹಾರು!' ಅಂತ ಹಿಂದಿನವರೇ ಆಡಿಸುತ್ತಿದ್ದರು. ಟೈಮ್ ಮುಗಿದರೆ ಅಂಗಡಿಯ ಕಾಕಾ ಸ್ವಿಚ್ಚಿಗೆ ಕೈ ಹಾಕುವ ಮುಂಚೆ 'ಸಾಕ್ ಏಳೋ ತಮ್ಮಾ' ಅನ್ನುತ್ತಿದ್ದ, ಅಷ್ಟು ದಯೆ ಇತ್ತು. ನಡುವೆ ಲೈಟ್ ಹೋದರೆ ದುಡ್ಡು ವಾಪಸ್ ಇಲ್ಲ.

ನಮ್ಮ ಮನೆಗೆ ಮೆಷಿನ್ ಬಂದ ಬೇಸಿಗೆಯಲ್ಲೇ ಅದು ಕೆಟ್ಟಿತು. ಅಪ್ಪ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಕೊಪ್ಪೀಕರ್ ರೋಡಿನ ಒಂದು ಸಂದಿಗೆ ಒಯ್ದರು, ರೇಡಿಯೋ ರಿಪೇರಿಯವನ ಹತ್ತಿರ. ಆತ ಜನ್ಮದಲ್ಲಿ ವಿಡಿಯೋ ಗೇಮ್ ಆಡಿದವನಲ್ಲ. ನಾಲ್ಕು ಸ್ಕ್ರೂ ಬಿಚ್ಚಿದ. ಒಳಗೆ ಡಬ್ಬಿಯ ಮುಕ್ಕಾಲು ಭಾಗ ಬರೀ ಗಾಳಿ. ಹಸಿರು ಬೋರ್ಡಿನ ನಡುವೆ ಡಾಂಬರಿನ ಹನಿಯಂಥ ಒಂದು ಕಪ್ಪು ಗುಳ್ಳೆ, ಇಡೀ ಕಂಪ್ಯೂಟರ್ ಅದರೊಳಗೇ. ಅದನ್ನು ಆತ ಮುಟ್ಟಲೂ ಇಲ್ಲ. ಮೂಲೆಯಲ್ಲಿ ಮೂರು ಕಾಲಿನ ಒಂದು ಪುಟ್ಟ ವಸ್ತುವಿನ ಮೇಲೆ ಬೆರಳಿಟ್ಟು 'ಇದು ಸುಟ್ಟೈತ್ರಿ' ಅಂದ. ಅಡಾಪ್ಟರಿನ 9 ವೋಲ್ಟನ್ನು 5ಕ್ಕೆ ಇಳಿಸುವ 7805. ಬೆಸುಗೆ ಹಾಕಿ ಹೊಸದು ಕೂರಿಸಿದ, ಬಿಸಿ ಎಳೆಯಲಿ ಅಂತ ಹಿಂದೆ ಒಂದು ಅಲ್ಯುಮಿನಿಯಂ ತುಂಡು ಕಟ್ಟಿದ. ಹತ್ತು ನಿಮಿಷ ಆಗಿರಬಹುದು. ನಿಂಟೆಂಡೋ 2003ರಲ್ಲಿ ಫ್ಯಾಮಿಕಾಮ್ ಮಾಡುವುದನ್ನು ನಿಲ್ಲಿಸಿತು, 2007ರಲ್ಲಿ ರಿಪೇರಿಯನ್ನೂ. ಅಷ್ಟು ವರ್ಷ ರಿಪೇರಿ ಮಾಡಿಕೊಟ್ಟಿದ್ದೇ ದೊಡ್ಡದು ಅನ್ನಿ. ಆದರೂ ಗೆಳೆಯನ ಮೆಷಿನ್ ಕೆಟ್ಟು ಅವನು ಅಂಗಡಿ ಅಂಗಡಿ ಅಲೆದಾಗ ಎಲ್ಲರೂ ಬಗ್ಗಿ ನಮಸ್ಕರಿಸಿ 'ಆಗಲ್ಲ' ಅಂದರು. ಕೊನೆಗೆ ನಾನೇ ಬಿಚ್ಚಿದೆ. ಅದರಲ್ಲೂ ಅದೇ 7805 ಇತ್ತು!

ಡುಪ್ಲಿಕೇಟಿನ ದೋಷಗಳೂ ಗೊತ್ತು. 9999 ಅಂತ ಬರೆದ ಕ್ಯಾಸೆಟ್ಟಿನಲ್ಲಿ ಎಣಿಸಿದರೆ ನಿಜವಾಗಿ ಇಪ್ಪತ್ತು ಆಟವೂ ಇಲ್ಲ, ಅವೇ ತಿರುತಿರುಗಿ ಬೇರೆ ಹೆಸರಲ್ಲಿ ಬರುತ್ತವೆ. ಗುಂಡು ಹಾರಿಸುತ್ತ ಓಡುವ ಕಾಂಟ್ರಾ ಆಟದ ವಿಷಯದಲ್ಲಂತೂ ಮೋಸ ಹೋದೆ ಅನಿಸಿತು. ಗೆಳೆಯ ತನ್ನ 1988ರ ಅಸಲಿ ಕ್ಯಾಸೆಟ್ ಹಾಕಿದ. ಮೊದಲ ಕಾಡಿನಲ್ಲಿ ಎಲೆಗಳು ಗಾಳಿಗೆ ಅಲ್ಲಾಡುತ್ತವೆ, ಹಂತಗಳ ನಡುವೆ ದ್ವೀಪದ ನಕ್ಷೆ ಬರುತ್ತೆ. ಜಪಾನಿನ ಕ್ಯಾಸೆಟ್ಟಿನಲ್ಲಿ ಅದಕ್ಕೇ ಒಂದು ವಿಶೇಷ ಚಿಪ್ ಇತ್ತು. ಅಮೆರಿಕದ ಆವೃತ್ತಿಯಲ್ಲಿ ಅದನ್ನು ಬಿಟ್ಟಿದ್ದರು, ನಮ್ಮ ಕ್ಯಾಸೆಟ್ಟಿನಲ್ಲಿದ್ದದ್ದು ಆ ಅಗ್ಗದ್ದೇ. ನೂರಾರು ಸಲ ಓಡಿದ ಕಾಡು, ಒಂದು ಎಲೆ ಅಲುಗಿದ್ದನ್ನು ನೋಡಿಲ್ಲ. ಆದರೆ ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಮಾತ್ರ ಇಬ್ಬರ ಬೆರಳಿಗೂ ನೆನಪಿತ್ತು. ಬಟನ್‌ಗಳನ್ನು ಆ ಕ್ರಮದಲ್ಲಿ ಒತ್ತಿದರೆ ಸಿಗುವ 30 ಲೈಫ್ ಎರಡೂ ಊರಲ್ಲಿ ಒಂದೇ.

ಈಗ ಅವನಿಗೆ ಸಾವಕಾಶ ಮಾರಿಯೋನನ್ನು ನೋಡಬೇಕಂತೆ. ಇಲ್ಲಿಯ ಟಿವಿಯಲ್ಲಿ ನಮ್ಮ ಮೆಷಿನ್ನಿನ ಚಿತ್ರ ಸರಿಯಾಗಿ ನಿಲ್ಲಲ್ಲ, ಅವನೇ ಹುಬ್ಬಳ್ಳಿಗೆ ಬರಬೇಕು. ಡಿಸೆಂಬರಿನಲ್ಲಿ ಬರ್ತೀನಿ ಅಂದಿದ್ದಾನೆ. ಅಟ್ಟ ಹುಡುಕು ಅಂತ ತಮ್ಮನಿಗೆ ಫೋನ್ ಮಾಡಿದೆ. ನಿನ್ನೆ ಫೋಟೋ ಕಳಿಸಿದ. ಮೆಷಿನ್ ಇದೆ, ಎರಡೂ ಕಂಟ್ರೋಲರ್ ಇವೆ, ಬಾತುಕೋಳಿ ಹೊಡೆಯುವ ಪಿಸ್ತೂಲೂ ಇದೆ, ಅದರ ವೈರನ್ನು ಇಲಿ ತಿಂದಿದೆ. ಅಡಾಪ್ಟರ್ ಕಾಣಲಿಲ್ಲ. ಅವ್ವ ಅದನ್ನು ಯಾವತ್ತೋ ರೇಡಿಯೋಗೆ ಹಾಕಿಕೊಂಡಿದ್ದಾಳೆ, ಕೊಡಲ್ಲ ಅಂದಳಂತೆ.